ಬಾಯಿ ಮುಚ್ಚಿಕೊಂಡ ಒಂದು

ನಮ್ಮ ಮನೆಯ ಮೊದಲ ಕಂಪ್ಯೂಟರಿನ ನೆನಪಾದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಹೊಳಲ್ಕೆರೆಯ ಮನೆಯ ಪಡಸಾಲೆಯಲ್ಲಿ, ಮೇಜಿನ ಮೇಲೆ, ಜರಿಯಂಚಿನ ಬಟ್ಟೆ ಹೊದ್ದು ಅದು ಕುಳಿತಿತ್ತು. ಬೆಳಿಗ್ಗೆ ಬಟ್ಟೆ ತೆಗೆಯುವುದು, ಸಂಜೆ ಹೊದಿಸುವುದು ನನ್ನ ನಿತ್ಯಕರ್ಮ. ಹೆತ್ತ ತಾಯಿಗೂ ನಾನು ಅಷ್ಟು ಸೇವೆ ಮಾಡಿದವನಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನನ್ನ ಹೆಂಡತಿ ಹೊಸದುರ್ಗದಾಚೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರ್. ಏಳು ವರ್ಷದಿಂದ ದಿನವೂ ಎರಡು ಬಸ್ಸು ಹತ್ತಿಳಿದು, ಕೊನೆಯ ಒಂದೂವರೆ ಮೈಲಿ ನಡೆದು ಹೋಗುತ್ತಿದ್ದಳು. ಸೊಂಟನೋವು ಶುರುವಾದ ಮೇಲೆ ಊರಿನ ಹತ್ತಿರಕ್ಕೆ ವರ್ಗ ಕೇಳಿ ಅರ್ಜಿ ಹಾಕಿದ್ದಳು. ವರ್ಗಾವಣೆಯ ತಾತ್ಕಾಲಿಕ ಪಟ್ಟಿ ಇಂಟರ್ನೆಟ್ಟಿನಲ್ಲಿದೆ, ಅದರಲ್ಲಿ ತಪ್ಪಿದ್ದರೆ ಸಂಜೆ ಐದರೊಳಗೆ ಚಿತ್ರದುರ್ಗದ ಶಿಕ್ಷಣ ಇಲಾಖೆಯ ಕಚೇರಿಗೆ ಆಕ್ಷೇಪಣೆ ಕೊಡಬೇಕು ಎಂಬ ಸುತ್ತೋಲೆ ಅವಳ ಶಾಲೆಗೆ ತಲುಪಿದ್ದು ಕೊನೆಯ ದಿನದ ಹಿಂದಿನ ದಿನ.

ಮಾರನೆಯ ದಿನಕ್ಕೆ ನಾವಿಬ್ಬರೂ ರಜೆ ಹಾಕಿದೆವು. ಬೆಳಿಗ್ಗೆ ಅವಳು ಬ್ಯಾಗು ಹಿಡಿದು ಒಂಬತ್ತಕ್ಕೇ ಸಿದ್ಧಳಾದಳು. ಪಕ್ಕದ ಮನೆಯವನು ಚಿತ್ರದುರ್ಗದ ರೂಟಿನ ಬಸ್ ಕಂಡಕ್ಟರ್. ಕಾಂಪೌಂಡಿನ ಆಚೆಯಿಂದ ಕೂಗಿದ.

“ಅಕ್ಕಾ, ನನ್ ಗಾಡಿ ಒಂಬತ್ತೂವರೆಗೆ ಐತೆ. ಬರ್ರಿ, ಹೋಗಾಣ.”

“ಮನೇಲೇ ಇಂಟರ್ನೆಟ್ ಐತಪ್ಪ,” ಎಂದೆ ನಾನು. “ಪಟ್ಟಿ ನೋಡಾಕೆ ದುರ್ಗಕ್ಕೆ ಹೋಗೋ ಕಾಲ ಮುಗೀತು. ತಪ್ಪಿದ್ರೆ ತಾನೇ ಹೋಗೋದು?”

“ಅದೂ ಸರೀನೇ ಬಿಡ್ರಿ ಮೇಷ್ಟ್ರೇ. ನಮ್ದು ಬರೀ ಡೀಸೆಲ್ ಗಾಡಿ,” ಎಂದು ಅವನು ನಡೆದ.

ನಾನು ಸಕಲ ಗೌರವಗಳೊಂದಿಗೆ ಬಟ್ಟೆ ತೆಗೆದೆ. ಮೂರು ದಿನದ ಹಿಂದಷ್ಟೇ, ವೈರಸ್ ಹೊಕ್ಕಿದೆಯೆಂದು ಅಂಗಡಿಯವನು ಕಂಪ್ಯೂಟರಿನ ಹೊಟ್ಟೆಯನ್ನು ಪೂರ್ತಿ ತೊಳೆದು ಕಳಿಸಿದ್ದ. ಇಂಟರ್ನೆಟ್ಟಿಗೆ ಬೇಕಾದ ನಂಬರುಗಳನ್ನು ಹೊಸದಾಗಿ ತುಂಬಿಸಿದ್ದು ನಾನೇ. ಸಂಪರ್ಕ ಕೊಡಲು ಬಂದವನು ಹಿಂದೆಂದೋ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ, ಕನ್ನಡ ಅಂಕಿಗಳಲ್ಲಿ. ಬೇರೆ ಅಂಕಿ ನಾನು ಬರೆಯುವವನಲ್ಲ. ತುಂಬಿಸಿದ ಮೇಲೆ ಮೋಡೆಮಿನ ದೀಪಗಳೆಲ್ಲ ಹಸಿರಾದವು. ಹಸಿರು ಕಂಡ ಮೇಲೆ ಇನ್ನೇನು ಪರೀಕ್ಷೆ ಎಂದು ಬಟ್ಟೆ ಹೊದಿಸಿದ್ದೆ.

ಈಗ ಇಲಾಖೆಯ ವಿಳಾಸ ಟೈಪು ಮಾಡಿದೆ. ಅದು ಬಹಳ ಹೊತ್ತು ಧ್ಯಾನ ಮಾಡಿ, ಆ ಹೆಸರಿನವರು ಯಾರೂ ಸಿಗಲಿಲ್ಲ ಎಂದು ಇಂಗ್ಲಿಷಿನಲ್ಲಿ ತಿಳಿಸಿತು. ಬೇರೆ ಹೆಸರು ಕೊಟ್ಟರೂ ಅದೇ ಉತ್ತರ. ಮೋಡೆಮ್ ಆರಿಸಿ ಹಚ್ಚಿದೆ, ಮೂರು ಸಲ. ವಯರುಗಳನ್ನು ಕಿತ್ತು, ಊದಿ, ಮತ್ತೆ ಸಿಕ್ಕಿಸಿದೆ. ವಿಭೂತಿ ಹಚ್ಚುವುದೊಂದು ಬಾಕಿ ಇತ್ತು.

ಹತ್ತೂವರೆಗೆ ಸಹಾಯವಾಣಿಗೆ ಫೋನು ಮಾಡಿದೆ. ಬೆಂಗಳೂರಿನ ಹುಡುಗಿಯೊಬ್ಬಳು, ತಾಳ್ಮೆಯ ದನಿ. ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆಸಿ ಒಂದು ನಂಬರ್ ಹೊಡೆಸಿದಳು. ಸಾಲಾಗಿ ಉತ್ತರ ಬಂತು.

“ಸರ್, ಲೈನ್ ಸರಿ ಇದೆ. ಕಂಪ್ಯೂಟರಿಗೆ ಹೆಸರು ಗೊತ್ತಾಗಲ್ಲ ಸರ್, ನಂಬರ್ ಮಾತ್ರ. ಯಾವ ಹೆಸರಿಗೆ ಯಾವ ನಂಬರ್ ಅಂತ ಅದು ನಮ್ಮ ಒಂದು ಸರ್ವರನ್ನ ಕೇಳುತ್ತೆ. ಆ ಸರ್ವರಿನ ನಂಬರನ್ನೇ ನೀವು ತಪ್ಪು ಹಾಕಿರಬೇಕು. ನಾನು ಹೇಳ್ತೀನಿ, ನೋಡ್ಕೊಳ್ತೀರಾ?”

‘ಕನ್ನಡ ಮೇಷ್ಟ್ರು, ಹೊಳಲ್ಕೆರೆ’ ಎಂದಷ್ಟೇ ಬರೆದರೂ ಪೋಸ್ಟ್‌ಮ್ಯಾನ್ ನಮ್ಮ ಮನೆಗೆ ಕಾಗದ ತಂದು ಹಾಕುತ್ತಿದ್ದ. ಈ ಬುದ್ಧಿವಂತ ಯಂತ್ರಕ್ಕೆ ಹೆಸರೇ ತಿಳಿಯದಂತೆ. ನನಗೆ ಮೈಯೆಲ್ಲ ಉರಿಯಿತು.

“ನಂಬರ್ ಸರಿ ಐತಮ್ಮ. ನಾನೇ ಕೈಯಾರೆ ಬರೆದಿರೋದು.”

“ಒಂದ್ಸಲ ನೋಡಿಬಿಡಿ ಸರ್.”

“ಇಪ್ಪತ್ತೆರಡು ವರ್ಷದಿಂದ ಇನ್ನೊಬ್ಬರ ಬರಹ ತಿದ್ದುತಾ ಇದೀನಿ. ನಿಮ್ ಸರ್ವರ್ರೇ ಕೆಟ್ಟಿರಬೇಕು, ಅದನ್ನ ನೋಡ್ರಿ,” ಎಂದು ಫೋನಿಟ್ಟೆ.

ಆಮೇಲೆ ಬೆಂಗಳೂರಿನವರು ತಮ್ಮ ತಪ್ಪು ತಿದ್ದಿಕೊಳ್ಳಲಿ ಎಂದು ಕಾದೆ. ಕಾಲುಗಂಟೆಗೊಮ್ಮೆ ಗುಂಡಿ ಒತ್ತುತ್ತಿದ್ದೆ. ನನ್ನ ಹೆಂಡತಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಸೈಬರ್ ಸೆಂಟರಿಗಾದರೂ ಹೋಗಿ ಬರ್ತೀನಿ ಎಂದಳು. ಇನ್ನೇನು ಬಂದೇಬಿಡ್ತು, ಕೂತ್ಕೋ ಎಂದೆ. ಹನ್ನೆರಡಾಯಿತು. ಒಂದೂವರೆಗೆ ಕಂಡಕ್ಟರ್ ಬಾಗಿಲಲ್ಲಿ ಇಣುಕಿದ.

“ಅಕ್ಕಾ, ಇನ್ನೂ ಇಲ್ಲೇ ಕುಂತೀರಲ್ಲ. ನಾನು ದುರ್ಗಕ್ಕೆ ಹೋಗಿ ಬಂದು ಊಟಾನೂ ಆಯ್ತು. ಮೇಷ್ಟ್ರೇ, ನಿಮ್ ಗಾಡಿ ಸ್ಟ್ಯಾಂಡೇ ಬಿಟ್ಟಿಲ್ವಲ್ರೀ.”

ನಾನು ಮೋಡೆಮನ್ನು ನಾಲ್ಕನೆಯ ಸಲ ಆರಿಸಿ ಹಚ್ಚಿದೆ.

ಎರಡೂವರೆಗೆ ಅವಳು ಎದ್ದು ಬಂದು ನೋಟ್‌ಬುಕ್ಕನ್ನು ಎಳೆದುಕೊಂಡಳು. ಪರದೆಯನ್ನೊಮ್ಮೆ, ಪುಟವನ್ನೊಮ್ಮೆ ನೋಡಿದಳು.

“ರೀ, ಇದು ಸೊನ್ನೆ ಅಲ್ಲ, ಒಂದು.”

“ಸೊನ್ನೆ.”

“ನಮ್ ಒಂದನೇ ಕ್ಲಾಸಿನ ಮಕ್ಳೂ ಹಿಂಗೇ ಬರೀತವೆ. ಆತುರಕ್ಕೆ ಒಂದರ ಬಾಯಿ ಮುಚ್ಚಿ ಸೊನ್ನೆ ಮಾಡಿಬಿಡ್ತವೆ. ಒಂದು ಹಾಕಿ ನೋಡ್ರಿ.”

ಹಾಕಿದೆ. ಪುಟ ತೆರೆಯಿತು, ಬೆಳಿಗ್ಗೆಯಿಂದ ತೆರೆದೇ ಇತ್ತೆಂಬಂತೆ. ಆ ಒಂದನ್ನು ಬರೆದ ಬಲಗೈ ಮೌಸಿನ ಮೇಲಿತ್ತು, ಅದನ್ನು ಕಂಡು ನನಗೇ ಹೇಸಿಗೆಯಾಯಿತು.

ಪಟ್ಟಿಯಲ್ಲಿ ಅವಳ ಸೇವೆ ನಾಲ್ಕು ವರ್ಷ ಎಂದಿತ್ತು. ಏಳಿರಬೇಕಿತ್ತು. ಅಷ್ಟಕ್ಕೇ ಅವಳ ಹೆಸರು ಎಲ್ಲೋ ತಳಕ್ಕೆ ಹೋಗಿ ಕೂತಿತ್ತು. ಆಕ್ಷೇಪಣೆ ಬರೆದು, ನೇಮಕದ ಆದೇಶವನ್ನು ಜೆರಾಕ್ಸ್ ಮಾಡಿಸಿ ಬಸ್ಸು ಹಿಡಿಯುವಾಗ ನಾಲ್ಕಾಗುತ್ತ ಬಂದಿತ್ತು. ಕಚೇರಿಯ ಮೆಟ್ಟಿಲು ಹತ್ತಿದಾಗ ಐದು ಹತ್ತು.

“ಫೈಲು ಸಾಹೇಬ್ರ ಸಹಿಗೆ ಹೋಯ್ತಲ್ರಿ ಮೇಡಮ್ಮೋರೆ,” ಎಂದ ಅಲ್ಲಿನ ಗುಮಾಸ್ತ. ನಿಜವಾಗಿಯೂ ನೊಂದುಕೊಂಡಂತಿತ್ತು. “ಕುಂತ್ಕಳ್ರಿ, ನೀರ್ ಕುಡೀರಿ. ಬೆಳಿಗ್ಗೆ ಬಂದಿದ್ರೆ ಎರಡು ನಿಮಿಷದ ಕೆಲಸ. ಪಟ್ಟಿ ಇಲ್ಲೇ ಬಾಗಿಲಿಗೂ ಅಂಟಿಸಿದ್ವಿ. ಯಾಕ್ರಿ ತಡ?”

ಸರ್ವರ್, ನಂಬರ್ ಎಂದೆಲ್ಲ ವಿವರಿಸಲು ನಾನು ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ ಅವಳೇ ಹೇಳಿದಳು: “ಮನೇಲಿ ಹುಷಾರಿರಲಿಲ್ಲ ಸರ್.”

“ಯಾರಿಗ್ರಿ?”

“ಇವ್ರಿಗೆ.”

ಗುಮಾಸ್ತ ನನ್ನನ್ನು ಮರುಕದಿಂದ ನೋಡಿ, ತಾನೇ ಎದ್ದು ಕುರ್ಚಿ ಬಿಟ್ಟುಕೊಟ್ಟ. ನಾನು ಕೂತೆ. ಅವಳು ನಿಂತೇ ಆಕ್ಷೇಪಣೆಯ ಹಾಳೆಯನ್ನು ನಾಲ್ಕಾಗಿ ಮಡಿಸಿದಳು. ಹೊಸದುರ್ಗದಾಚೆಗೆ ಇನ್ನೂ ಒಂದು ವರ್ಷ.