ಅಂಗಿ ಬಿಚ್ಚಿ ಎಂದ ಸಿಸ್ಟರ್

ಕಳೆದ ವಾರ ಗುಂಡ್ಲುಪೇಟೆಯಲ್ಲಿ ಬಸ್ಸಿಳಿದು, ದಾರಿ ಕೇಳೋಣವೆಂದು ಒಂದು ಔಷಧಿ ಅಂಗಡಿಯ ಮುಂದೆ ನಿಂತೆ. ಅಂಗಡಿಯವರು ಸ್ಪಿರಿಟ್ ಹಾಕಿ ಗಾಜು ಒರೆಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೇಳಬೇಕಾದ್ದೇ ಮರೆತುಹೋಯಿತು. ಚಾಮರಾಜನಗರದ ಆ ವಾರ್ಡು, ಆ ಸಿಸ್ಟರ್...

ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿದವಳು. ಬೊಗಸೆಯಲ್ಲಿ ಹಿಡಿಯುವಷ್ಟಿದ್ದಳು. ಹೆರಿಗೆಯಲ್ಲಿ ಫಿಟ್ಸ್ ಬಂದು ನನ್ನ ಹೆಂಡತಿಗೆ ಎಚ್ಚರವಿರಲಿಲ್ಲ. ಕೂಸಿನ ಮೈ ತಣ್ಣಗಾಗುತ್ತಿತ್ತು. ಹಸುಗೂಸುಗಳನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಹೊರಗೆ ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಂಗಿ ಬಿಚ್ಚಿ" ಎಂದರು.

ನಾನು ತಬ್ಬಿಬ್ಬಾದೆ. ಸುತ್ತ ಬರೀ ಬಾಣಂತಿಯರು, ಅವರ ಅವ್ವಂದಿರು. ನಮ್ಮೂರು ಉಡಿಗಾಲದ ಗಂಡಸು ಹೊಲದಲ್ಲಿ ಬರಿಮೈಯಲ್ಲಿ ನಿಂತಾನು, ಹೆಂಗಸರ ವಾರ್ಡಿನಲ್ಲಿ ನಿಲ್ಲುವುದುಂಟೇ? ನನಗಿಂತ ಹೆಚ್ಚು ಬೆಚ್ಚಿದವಳು ನಮ್ಮವ್ವ. ಪುರುಡಿನ ಮೈಲಿಗೆ ಕಳೆಯುವ ತನಕ ನಮ್ಮಲ್ಲಿ ಅಪ್ಪನಾದವನು ಕೂಸನ್ನು ಮುಟ್ಟುವಂತಿರಲಿಲ್ಲ.

"ಪುರುಡು ಕಳೀದೆ ಗಂಡಸ್ರು ಮಗೀನ ಮುಟ್ಟದುಂಟಾ? ಬ್ಯಾಡ ಕಣವ್ವ" ಎಂದಳು ಅವ್ವ.

"ಪುರುಡು ಆಮೇಕೆ ತೊಳ್ಕಳನ ಬುಡಮ್ಮ. ಮೊದ್ಲು ಕೂಸು ಉಳೀಲಿ."

ಸಿಸ್ಟರ್ ಅವ್ವನ ಹತ್ತಿರವೇ ಒಗೆದ ಹಳೇ ಸೀರೆ ಇಸಕೊಂಡು ಕಾವು ಸಿಗಲೆಂದು ಕೂಸನ್ನು ನನ್ನ ಬರಿ ಎದೆಗೆ ಕಟ್ಟಿದರು. ಸ್ವಲ್ಪ ಹೊತ್ತಿಗೆ ಎದೆಯ ಮೇಲಿನ ಆ ಸಣ್ಣ ಅಲುಗಾಟ ನಿಂತೇಹೋಯಿತು. ನನ್ನ ಮುಖ ನೋಡಿಯೇ ಓಡಿ ಬಂದ ಸಿಸ್ಟರ್ ಅದರ ಅಂಗಾಲು ಉಜ್ಜಿದರು, ಬೆನ್ನು ಸವರಿದರು, ಮತ್ತೆ ಉಜ್ಜಿದರು... ಕೂಸು ಬಿಕ್ಕಿ ಉಸಿರೆಳೆದುಕೊಂಡಿತು.

"ಈಗ ನೀವು ಉಸ್ರು ಬುಡಿ" ಎಂದರು ನನಗೆ.

ಅವತ್ತು ಡ್ಯೂಟಿ ಮುಗಿದರೂ ಅವರು ತಮ್ಮೂರು ಗುಂಡ್ಲುಪೇಟೆಯ ಬಸ್ಸು ಹತ್ತಲಿಲ್ಲ. ಹೆಂಡತಿಗೆ ಎಚ್ಚರವಾಗಿ, ಕೂಸು ಅವಳ ಎದೆಗೆ ಸೇರುವವರೆಗೂ ಅಲ್ಲೇ ಇದ್ದರು. ಅವ್ವ ಮಾತ್ರ ಪುರುಡು ಬಿಡಲಿಲ್ಲ. ನೀರು ಹಾಕುವ ದಿನ ಬಾಣಂತಿಯ ಪಕ್ಕದಲ್ಲಿ ನನ್ನನ್ನೂ ಕೂರಿಸಿ ತಲೆಗೆ ನೀರು ಹುಯ್ದಳು. ಹರವೆ ಊರಿನ ನೆಂಟರು ಇವತ್ತಿಗೂ ನನ್ನನ್ನು ಬಾಣಂತಿ ಎಂದೇ ಆಡಿಕೊಳ್ಳುತ್ತಾರೆ.

ಈ ಕಥೆ ಕೇಳುತ್ತಲೇ ಬೆಳೆದ ಮಗಳು ಕೆಲಸಕ್ಕೆ ಸೇರಿದ್ದೇ, ಆ ಸಿಸ್ಟರನ್ನು ನೋಡಲೇಬೇಕೆಂದು ಹಟ ಹಿಡಿದು ಅವರಿಗೊಂದು ಸೀರೆ ತಂದಿದ್ದಳು. ಅದಕ್ಕೇ ನಾವು ಬಂದದ್ದು. ನೆನಪು ತಿಳಿಯಾದ ಮೇಲೆ ಅಂಗಡಿಯವರನ್ನು ಸಿಸ್ಟರ್ ಮನೆ ಎಲ್ಲೆಂದು ಕೇಳಿದೆ.

"ಎಳೆಮಕ್ಕಳ ಸಿಸ್ಟರಾ? ಅವ್ರು ಓಗ್ಬುಟ್ರಲ್ಲ ಸಾರ್. ಊಟ ಮಾಡಿ ಕುಂತಿದ್ರಂತೆ, ಕುಂತಂಗೇ... ಮೊನ್ನೆ ತಿಥಿನೂ ಆಯ್ತು."

ಅಷ್ಟೊಂದು ಕೂಸುಗಳಿಗೆ ಉಸಿರು ತರಿಸಿದ ಆ ಕೈ ಇಲ್ಲವೆಂದರೆ ನಂಬುವುದು ಹೇಗೆ? ಈಗಲೂ ನನಗೆ ನಂಬಿಕೆಯಿಲ್ಲ.

ತಿರುಗಿ ನೋಡಿದೆ. ಮರದ ನೆರಳಲ್ಲಿ ಮಗಳು ಸೀರೆಯ ಕವರು ಹಿಡಿದು ನಿಂತಿದ್ದಳು. ನಾನು ಹತ್ತಿರ ಬರುತ್ತಲೇ ವೇಲು ಸರಿಮಾಡಿಕೊಂಡು, "ನನ್ನ ಗುರ್ತು ಹಿಡೀತಾರೇನಪ್ಪಾ?" ಎಂದಳು.