ಮಾನಮ್ಮ ಮತ್ತು ಸಂಗಡಿಗರು

ಜಾಲಹಳ್ಳಿಯ ಮಾನಮ್ಮನ ಹೆಸರಿನಲ್ಲಿ ಹೊರಬಂದದ್ದು ಒಂದು ಗ್ರಾಮಫೋನ್ ಪ್ಲೇಟು, ನಾಲ್ಕು ಕ್ಯಾಸೆಟ್ಟು. ಐದೂ ನನ್ನ ಹತ್ತಿರ ಇವೆ. ಮೈಕ್ ಸೆಟ್ಟಿನವನ ಮನೆಯಲ್ಲಿ ಬಂಗಾರ ಹುಡುಕಿದರೆ ಸಿಗುವುದಿಲ್ಲ, ಹಾಡು ಸಿಗುತ್ತವೆ. ದೇವದುರ್ಗದಲ್ಲಿ ಖಾಜಾ ಸೌಂಡ್ ಸರ್ವಿಸ್ ಎಲ್ಲಿ ಎಂದು ಕೇಳಿದರೆ ಯಾರಾದರೂ ನನ್ನ ಅಂಗಡಿ ತೋರಿಸುತ್ತಿದ್ದರು. ಅವನ ಬಾಯಿ ಸ್ವಲ್ಪ ಜೋರು, ನೋಡಿ ಮಾತಾಡಿರಿ ಎಂದೂ ಹೇಳಿ ಕಳಿಸುತ್ತಿದ್ದರು. ಆ ಜೋರು ಬಾಯಿಯಿಂದಲೇ ಅಕ್ಕತಂಗಿಯರಿಬ್ಬರ ಮಾತು ಹನ್ನೆರಡು ವರ್ಷ ನಿಂತುಹೋಯಿತು. ಅದನ್ನು ಬರೆದಿಡದೆ ನನಗೆ ಸಮಾಧಾನವಿಲ್ಲ.

ಮಾನಮ್ಮ, ಗೋಪಮ್ಮ ಕೂಲಿ ಮನೆಯ ಹೆಣ್ಣುಮಕ್ಕಳು. ದೊಡ್ಡವಳಾದ ಗೋಪಮ್ಮನನ್ನು ಮಾನವಿಗೆ ಕೊಟ್ಟಿದ್ದರು. ಸಣ್ಣವಳು ಮಾನಮ್ಮ ಜಾಲಹಳ್ಳಿಯ ಹುಸೇನಪ್ಪನ ಹೆಂಡತಿ. ಕಾಲುವೆ ನೀರು ಬಂದ ಮೇಲೆ ಮಾನವಿ ಸೀಮೆಯಲ್ಲಿ ನೆಲ್ಲು ಹಚ್ಚುವ ಕೆಲಸಕ್ಕೆ ಬರವಿರಲಿಲ್ಲ. ಆ ದಿನಗಳಲ್ಲಿ ತಂಗಿ ಅಕ್ಕನ ಮನೆಗೆ ಬಂದುಬಿಡುತ್ತಿದ್ದಳು. ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚುತ್ತ ಇಬ್ಬರೂ ಹಾಡುತ್ತಿದ್ದರು. ಮಾನಮ್ಮ ಒಂದು ಸಾಲು ಎತ್ತುವಳು. ಅದು ಮುಗಿಯುವ ಮೊದಲೇ ಗೋಪಮ್ಮ ಅದರ ತುದಿ ಹಿಡಿದು ಮುಂದಿನ ಸಾಲು ಹಾಡುವಳು. ಅಷ್ಟರಲ್ಲಿ ತಂಗಿ ಉಸಿರು ತೆಗೆದುಕೊಳ್ಳುವಳು. ನಮ್ಮ ಕಡೆ ಹೆಂಗಸರು ಬೀಸುವಾಗ, ಸಸಿ ಹಚ್ಚುವಾಗ ಹಾಡುವುದೇ ಹೀಗೆ. ಆದರೆ ಈ ಇಬ್ಬರು ಹಾಡಿದರೆ ಎಲ್ಲಿ ಒಬ್ಬಳು ಬಿಟ್ಟಳು, ಎಲ್ಲಿ ಇನ್ನೊಬ್ಬಳು ಹಿಡಿದಳು ಎಂಬುದು ಗೊತ್ತಾಗುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರು ಬದುವಿನ ಮೇಲೆ ಸೈಕಲ್ ನಿಲ್ಲಿಸಿ ಕೇಳುತ್ತಿದ್ದರು. ಹಾಗೆ ನಿಂತವರಲ್ಲಿ ನಾನೂ ಒಬ್ಬ.

ನಾನು ಹೇಳಿದ್ದರಿಂದಲೇ ಎಪ್ಪತ್ತನಾಲ್ಕರಲ್ಲಿ ಹೈದರಾಬಾದಿನ ಒಂದು ಸಣ್ಣ ಪ್ಲೇಟು ಕಂಪನಿಯವರು ಇವರನ್ನು ರಾಯಚೂರಿಗೆ ಕರೆಸಿದರು. ಬಟ್ಟೆ ವ್ಯಾಪಾರಿಯೊಬ್ಬರ ಮಹಡಿಯ ಕೋಣೆ. ರಸ್ತೆಯ ಸದ್ದು ಒಳಗೆ ಬರಬಾರದೆಂದು ಕಿಟಕಿಗಳಿಗೆ ಕೌದಿ ಕಟ್ಟಿದ್ದರಂತೆ. ಅಕ್ಕತಂಗಿ ಎರಡು ಪದ ಹಾಡಿದರು. ಒಂದರ ಮೊದಲ ಸಾಲು ನನಗೆ ಈಗಲೂ ಬಾಯಿಪಾಠ: 'ಕೆರಿಯ ಏರಿಯ ಮ್ಯಾಲ ನಿಂತು ಕೂಗೀನಿ ನಾನು.' ಅದಕ್ಕೆ ಅಕ್ಕನ ಸಾಲು: 'ಊರೆಲ್ಲ ಕೇಳಿದರೇನ, ನೀ ಕೇಳಿದರ ಸಾಕ.' ನಾನು ಆ ದಿನ ಅಲ್ಲಿರಲಿಲ್ಲ, ಬೇರೆ ಕಡೆ ಮದುವೆಗೆ ಸೆಟ್ ಹಾಕಲು ಹೋಗಿದ್ದೆ. ಅಲ್ಲಿ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಪ್ಲೇಟು ಬಂತು. ಅಂಗೈಗಿಂತ ತುಸು ದೊಡ್ಡದು, ನಡುವೆ ನೀಲಿ ಕಾಗದ. ಹುಸೇನಪ್ಪನ ಅಣ್ಣನ ಮಗಳ ಮದುವೆಗೆ ಜಾಲಹಳ್ಳಿಯಲ್ಲಿ ನನ್ನದೇ ಸೆಟ್ಟು. ಗೋಪಮ್ಮನೂ ಮಾನವಿಯಿಂದ ಬಂದಿದ್ದಳು. ನಾನು ಪ್ಲೇಟು ಹಾಕಿದೆ. ಬೇವಿನ ಗಿಡಕ್ಕೆ ಕಟ್ಟಿದ ಹಾರ್ನಿನಿಂದ ಇಬ್ಬರ ದನಿ ಹೊರಟಾಗ ಅಡುಗೆಯವರು ಸೌಟು ಕೈಯಲ್ಲೇ ಹಿಡಿದು ನಿಂತರು. ಗೋಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನನಗೆ ಹಿಗ್ಗೋ ಹಿಗ್ಗು. ಇಷ್ಟಕ್ಕೇ ಸುಮ್ಮನಿರಬೇಕಿತ್ತು. ಮಂತ್ರಿಗಳ ಹಾಗೆ ಮೈಕು ಹಿಡಿದು ನೀಲಿ ಕಾಗದದ ಮೇಲಿದ್ದದ್ದನ್ನು ಓದಿದೆ: "ಹಾಡಿದವರು, ಮಾನಮ್ಮ ಮತ್ತು ಸಂಗಡಿಗರು!"

ಗೋಪಮ್ಮ ಎದ್ದು ನನ್ನ ಹತ್ತಿರ ಬಂದಳು.

"ಲೇ ಖಾಜಾ, ನನ್ನ ಹೆಸರು ಎಲ್ಲ್ಯದ?"

"ಸಂಗಡಿಗರು ಅಂತ ಅದಲ್ಲಕ್ಕಾ, ಅದ ನೀನು."

"ಗೋಪಮ್ಮ ಅಂತ ಬರ್ದಿಲ್ಲೇನು?"

"ಇಲ್ಲ."

ಆಕೆ ಆ ಪ್ಲೇಟನ್ನು ಕೈಗೆ ತೆಗೆದುಕೊಂಡು ಓದು ಬರದ ಕಣ್ಣುಗಳಿಂದ ಬಹಳ ಹೊತ್ತು ನೋಡಿದಳು. ಮಾನಮ್ಮ ಓಡಿ ಬಂದು "ಅಕ್ಕಾ" ಎನ್ನುವಷ್ಟರಲ್ಲಿ ಪ್ಲೇಟು ನನ್ನ ಕೈಗೆ ವಾಪಸು ಬಂದಿತ್ತು. "ನಿನ್ನ ಸಂಗಡಿಗರು ಯಾರದಾರೋ ಅವರ್ನ ಕರ್ಕೊಂಡು ಹಾಡವ್ವಾ," ಎಂದಳು ಗೋಪಮ್ಮ. ಆಮೇಲೆ ನನ್ನ ಕಡೆ ತಿರುಗಿ, "ಮಾನವಿ ಬಸ್ ಎಷ್ಟೊತ್ತಿಗದ?" ಎಂದು ಕೇಳಿದಳು. ಮದುವೆಯ ಊಟ ಕೂಡ ಮಾಡಲಿಲ್ಲ. ಸುಡು ಬಿಸಿಲಿನಲ್ಲಿ ಚಪ್ಪಲಿ ಮೆಟ್ಟಿ ಹೋದವಳನ್ನು ನೋಡಿ ನಾನು ನಾಲಿಗೆ ಕಚ್ಚಿಕೊಂಡೆ. ಆಡಿಯಾಗಿತ್ತು.

ಮೊದಲು ನನಗೆ ಮಾನಮ್ಮನ ಮೇಲೇ ಸಿಟ್ಟು ಬಂತು. ಅಕ್ಕನ ಹೆಸರು ನುಂಗಿ ತಾನೊಬ್ಬಳೇ ಮೆರೆಯಲು ಹೊರಟಳೆಂದು ತಿಳಿದೆ. ವಾರ ಬಿಟ್ಟು ಅವರ ಮನೆಗೆ ಹೋಗಿ ಕೇಳಿಯೇಬಿಟ್ಟೆ. ಆಕೆ ಒಲೆಯ ಮುಂದೆ ಕೂತವಳು ಅಳತೊಡಗಿದಳು. ಒಳಗಿನ ಕೋಣೆಯ ಕಡೆ ಕಣ್ಣು ಮಾಡಿ, ದನಿ ತಗ್ಗಿಸಿ ಹೇಳಿದಳು.

ಆದದ್ದು ಇಷ್ಟು. ಹಾಡು ಮುಗಿದ ಕೂಡಲೆ ಗೋಪಮ್ಮ ಮಾನವಿ ಬಸ್ಸು ತಪ್ಪುತ್ತದೆಂದು ಹೊರಟುಹೋಗಿದ್ದಳು. ಹುಸೇನಪ್ಪ ಚಹಾಕ್ಕೆಂದು ಕೆಳಗಿಳಿದಿದ್ದ. ಕೋಣೆಯಲ್ಲಿ ಉಳಿದವರು ಮಾನಮ್ಮ ಮತ್ತು ಕೂಸನ್ನು ಎತ್ತಿಕೊಂಡಿದ್ದ ಆಕೆಯ ಅತ್ತೆ. ಕಂಪನಿಯ ಗುಮಾಸ್ತ ಬರೆದುಕೊಳ್ಳಲು ಬಂದು, ಜೊತೆಗೆ ಹಾಡಿದವಳ ಹೆಸರೇನು ಎಂದು ಕೇಳಿದ. ಮಾನಮ್ಮ ನಮ್ಮಕ್ಕ ಎಂದಳು. ಅಕ್ಕನ ಹೆಸರೇನು ಎಂದ. ಮಾನಮ್ಮ ನೆಲ ನೋಡಿದಳು. ಏಕೆಂದರೆ ಆಕೆಯ ಅತ್ತೆಯ ಹೆಸರೂ ಗೋಪಮ್ಮನೇ. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ತರುವುದಿಲ್ಲ. ಅದೂ ಅತ್ತೆ ಎದುರಿಗೇ ಕೂತಿರುವಾಗ! ಗುಮಾಸ್ತ ಎರಡು ಸಲ ಕೇಳಿದ, ಗಡಿಯಾರ ನೋಡಿಕೊಂಡ, ತನಗೆ ತೋಚಿದ್ದನ್ನು ಬರೆದುಕೊಂಡು ಹೋದ.

"ಮದುವಿ ಆದಾಗಿಂದ ಆ ಹೆಸರು ನಾಲಿಗಿ ಮ್ಯಾಲ ಬಂದಿಲ್ಲಣ್ಣಾ. ಅಕ್ಕ ಅಂದ್ರ ಅಕ್ಕ ಅಷ್ಟ. ನೀನಾದ್ರೂ ಹೋಗಿ ಹೇಳು," ಎಂದಳು ಮಾನಮ್ಮ. ತಾನೇ ಎರಡು ಸಲ ಮಾನವಿಗೆ ಹೋಗಿದ್ದಳಂತೆ. ಗೋಪಮ್ಮ ಹಿತ್ತಲಿನಿಂದ ಒಳಗೆ ಬಂದಿರಲಿಲ್ಲ.

ನಾನು ಹೋದೆ. ಮಾನವಿಯಲ್ಲಿ ಗೋಪಮ್ಮನ ಮನೆಯ ಕಟ್ಟೆಯ ಮೇಲೆ ಕೂತು ಎಲ್ಲ ವಿವರಿಸಿದೆ. ಆಕೆ ನಡುವೆ ಬಾಯಿ ಹಾಕದೆ ಕೇಳಿದಳು.

"ಆ ಅತ್ತಿ ಆಕಿಗಿ ಬಂದಿದ್ದು ಮದುವಿ ಆದ ಮ್ಯಾಲ," ಎಂದಳು. "ನಾನು ಆಕಿ ಹುಟ್ಟಿದಾಗಿಂದ ಗೋಪಮ್ಮ. ಆಕಿನ್ನ ಕಂಕುಳಾಗ ಹೊತ್ಕೊಂಡು ತಿರುಗಿದ ಗೋಪಮ್ಮ. ಅದನ್ನ ಒಂದು ಸಲ ಹೇಳಾಕ ಆಗಲಿಲ್ಲಂದ್ರ ನಾನು ಯಾಕ ಹಾಡ್ಲಿ?"

ಬಾಯಿ ಜೋರಿನವನು ಮುಚ್ಚಿಕೊಂಡು ಬಸ್ಸು ಹತ್ತಿದೆ.

ಎಂಬತ್ತೊಂದರ ಹೊತ್ತಿಗೆ ಪ್ಲೇಟಿನ ಕಾಲ ಮುಗಿದಿತ್ತು. ಊರೂರಿಗೆ ಟೇಪು ಬಂತು, ನಾನೂ ಒಂದು ಕೊಂಡೆ. ಅದೇ ಕಂಪನಿಯವರು ಮಾನಮ್ಮನನ್ನು ಹುಡುಕಿಕೊಂಡು ಬಂದು ಮೊದಲ ಕ್ಯಾಸೆಟ್ಟು ಮಾಡಿಸಿದರು. ಅದಕ್ಕೆಂದು ಆಕೆ ಮನೆಯಲ್ಲಿ ಹಾಡಿಕೊಳ್ಳುವಾಗಲೇ ನಾನು ಒಂದು ಚಮತ್ಕಾರ ಕಂಡದ್ದು. ಮಾನಮ್ಮ ಒಂದು ಸಾಲು ಹಾಡುತ್ತಾಳೆ, ಸುಮ್ಮನಾಗುತ್ತಾಳೆ. ಇನ್ನೊಂದು ಸಾಲಿನಷ್ಟು ಹೊತ್ತು ಹಾಗೇ ಬಿಟ್ಟು ಮತ್ತೆ ಎತ್ತುತ್ತಾಳೆ. ಉಸಿರು ಸಾಲುತ್ತಿಲ್ಲವೇನೋ ಎಂದು ನಾನು ಮರುಗಿದೆ. ಕೇಳಿದರೆ, "ಅದು ಅಕ್ಕನ ಜಾಗ. ಅದನ್ನ ನಾ ಹೆಂಗ ತುಂಬ್ಲಿ?" ಎಂದಳು. ಕಂಪನಿಯವರಿಗೆ ಇದೆಲ್ಲ ಯಾಕೆ ಬೇಕು, ಖಾಲಿ ಕಂಡಲ್ಲೆಲ್ಲ ಹಾರ್ಮೋನಿಯಂ ತುಂಬಿದರು.

ಎರಡನೆಯ ಕ್ಯಾಸೆಟ್ಟು ಎಂಬತ್ತಮೂರರದು. ಅಕ್ಕನ ಜಾಗದಲ್ಲಿ ಪಿಟೀಲು, ಕೊಳಲು. ಕೇಳಲು ಕೆಟ್ಟದ್ದೇನಲ್ಲ, ಮದುವೆ ಮನೆಯಲ್ಲಿ ಊಟದ ಹೊತ್ತಿಗೆ ಸರಿಹೋಗುತ್ತಿತ್ತು. ಮೂರನೆಯದು ಎಂಬತ್ತೈದರದು. ಅಷ್ಟರಲ್ಲಿ ಎಲ್ಲರಿಗೂ ಡಿಸ್ಕೊ ಹುಚ್ಚು ಹಿಡಿದಿತ್ತು. ಕ್ಯಾಸೆಟ್ಟಿನ ಮುಖಪುಟದ ಮೇಲೆ ಕಪ್ಪು ಕನ್ನಡಕದ ಯಾವಳೋ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಒಳಗೆ ಕೀಬೋರ್ಡು, ಯಂತ್ರದ ಡೋಲು, ದಡಬಡ ದಡಬಡ. ನನ್ನ ಹಾರ್ನು ಹರಿದುಹೋಗುತ್ತದೆಂದು ಭಯವಾಗುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಹಳೆಯ ಕೆರೆ ಏರಿಯ ಪದವನ್ನು ಮತ್ತೆ ಹಾಡಿಸಿದ್ದರು, ಮಾನಮ್ಮ ಬಿಟ್ಟ ಜಾಗದಲ್ಲಿ ಆಕೆಗೆ ಹೇಳದೆ ಕೇಳದೆ ಪಟ್ಟಣದ ಹುಡುಗಿಯೊಬ್ಬಳ ದನಿ ಸೇರಿಸಿದ್ದರು. ಅದು ಎಲ್ಲಕ್ಕಿಂತ ಜೋರಾಗಿ ಓಡಿತು. ರಾಯಚೂರು ಬಸ್‌ಸ್ಟ್ಯಾಂಡಿನ ಹೋಟೆಲುಗಳಲ್ಲಿ ಬೆಳಿಗ್ಗೆಯಿಂದ ಅದೇ.

ಮಾನಮ್ಮ ಅದನ್ನು ಮೊದಲು ಕೇಳಿದ್ದೂ ಅಂಥ ಒಂದು ಹೋಟೆಲಿನಲ್ಲೇ, ನಾನು ಜೊತೆಗಿದ್ದೆ. ಚಹಾದ ಕಪ್ಪನ್ನು ಕೆಳಗಿಟ್ಟಳು. "ಅಕ್ಕನ ಜಾಗದಾಗ ಯಾರನ್ನೋ ಕುಂದ್ರಿಸ್ಯಾರ. ಆಕಿ ಇದನ್ನ ಕೇಳಿರ್ತಾಳ. ನಾನ ಕುಂದ್ರಿಸೀನಿ ಅಂತ ತಿಳ್ಕೊಂಡಿರ್ತಾಳ," ಎಂದು ಬಿಕ್ಕಿದಳು. ಹೆಸರುವಾಸಿ ಹಾಡುಗಾರ್ತಿ ತನ್ನದೇ ಹಾಡು ಕೇಳಿ ಅಳುವುದನ್ನು ಹೋಟೆಲಿನವರು ಬೆರಗಾಗಿ ನೋಡಿದರು. ಇದಕ್ಕೆಲ್ಲ ಮೂಲ ನಾನಲ್ಲವೇ?

ಎಂಬತ್ತೇಳರಲ್ಲಿ ನಾಲ್ಕನೆಯ ಕ್ಯಾಸೆಟ್ಟಿಗೆ ಕಂಪನಿಯವರು ಬಂದಾಗ ಮಾನಮ್ಮ ಷರತ್ತು ಹಾಕಿದಳು. ಕೆರೆ ಏರಿಯ ಪದ ಮೊದಲು ಬರಬೇಕು, ಅದರಲ್ಲಿ ತಾನು ಬಿಟ್ಟ ಜಾಗ ಬಿಟ್ಟಂತೆಯೇ ಇರಬೇಕು, ವಾದ್ಯವೂ ಬೇಡ, ಯಾರ ದನಿಯೂ ಬೇಡ. ಮತ್ತು ಹಾಡುವ ಮೊದಲು ತಾನು ಒಂದು ಮಾತು ಹೇಳಬೇಕು. ಕಂಪನಿಯವರು ಗೊಣಗಿದರು. ಆದರೆ ಮೂರನೆಯದರ ರುಚಿ ಹತ್ತಿತ್ತು, ಒಪ್ಪಿದರು.

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ರಿಕಾರ್ಡಿಂಗ್ ಕೋಣೆ. ಈ ಸಲ ನಾನು ತಪ್ಪಿಸಲಿಲ್ಲ. ಮಾನಮ್ಮನ ಅತ್ತೆಯೂ ಬಂದಿದ್ದಳು. ಮುದುಕಿಗೆ ಕಣ್ಣು ಪೂರಾ ಹೋಗಿತ್ತು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಕರೆತಂದಿದ್ದರು. ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಸದ್ದು ಮಾಡಬೇಡ ಯವ್ವಾ ಎಂದು ಹತ್ತು ಸಲ ಹೇಳಿದ್ದೆವು.

ಯಂತ್ರ ನಡೆಸುವವನು, "ಹೆಸರು ಏನಿದ್ರೂ ಹೊರಗಿನ ಕಾಗದದಾಗ ಹಾಕ್ತೀವಿ ಬಿಡ್ರಿ, ಹಾಡ್ರಿ ಸುಮ್ಮ," ಎಂದ.

"ಕಾಗದ ಓದಾಕ ನನಗೂ ಬರಲ್ಲ, ಅಕ್ಕಗೂ ಬರಲ್ಲ," ಎಂದಳು ಮಾನಮ್ಮ. "ಬಾಯಿಲೆ ಹೇಳಬೇಕು."

ಎದ್ದು ಹೋಗಿ ಅತ್ತೆಯ ಕಾಲು ಮುಟ್ಟಿ ಬಂದಳು. ಮುದುಕಿ ಏನೂ ತಿಳಿಯದೆ ಹರಸಿದಳು. ಕೆಂಪು ದೀಪ ಹತ್ತಿತು. ಮಾನಮ್ಮನ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಈ ಪದ ನಾ ಒಬ್ಬಾಕಿ ಹಾಡಿದ್ದಲ್ಲ. ಇದರ ಎರಡನೇ ಸಾಲು ನಮ್ಮಕ್ಕಂದು. ನಮ್ಮಕ್ಕನ ಹೆಸರು ಗೋಪಮ್ಮ."

"ಓ! ಯಾಕವ್ವಾ?" ಎಂದಳು ಮೂಲೆಯಿಂದ ಮುದುಕಿ.

ಯಂತ್ರದವನು ತಲೆ ಚಚ್ಚಿಕೊಂಡ. ಅದನ್ನು ಅಳಿಸಿ ಮತ್ತೆ ಹೇಳಿಸೋಣ ಎಂದ. "ಇನ್ನೊಂದು ಸಲ ನನ್ನ ಕೈಲಿ ಆಗಲ್ಲ, ಇರ್ಲಿ ಬಿಡ್ರಿ," ಎಂದು ಮಾನಮ್ಮ ಹಾಗೇ ಹಾಡು ಎತ್ತಿಬಿಟ್ಟಳು. ಮುದುಕಿಯ ಓಗೊಡುವಿಕೆ ಕ್ಯಾಸೆಟ್ಟಿನಲ್ಲಿ ಉಳಿಯಿತು.

ಕ್ಯಾಸೆಟ್ಟು ಕೈಗೆ ಬಂದ ವಾರದಲ್ಲೇ ಮಾನವಿಯಲ್ಲಿ ನನಗೊಂದು ಕೆಲಸ ಸಿಕ್ಕಿತು. ಸಿಕ್ಕಿತು ಎನ್ನುವುದು ಸುಳ್ಳು, ನಾನೇ ಬೆನ್ನು ಹತ್ತಿ ಹಿಡಿದೆ. ಗೋಪಮ್ಮನ ಮನೆಯ ಸಾಲಿನಲ್ಲೇ ಮುನವ್ವರ್ ಬೀಯ ಮೊಮ್ಮಗಳ ಮದುವೆ. ಬೆಳಿಗ್ಗೆ ಹತ್ತಕ್ಕೆ ಹಾರ್ನು ಕಟ್ಟುವಾಗ ಅದರ ಬಾಯನ್ನು ಮದುವೆ ಮನೆಯ ಕಡೆ ಬಿಟ್ಟು ಗೋಪಮ್ಮನ ಕಟ್ಟೆಯ ಕಡೆ ತಿರುಗಿಸಿದೆ. ಮುನವ್ವರ್ ಬೀ ಬೈದಳು. ಬೈಸಿಕೊಂಡೆ.

ಗೋಪಮ್ಮ ಕಟ್ಟೆಯ ಮೇಲೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಕಂಡರೂ ಕಾಣದಂತಿದ್ದಳು. ನಾನು ಟೇಪಿನ ಗುಂಡಿ ಒತ್ತಿದೆ.

ತಂಗಿಯ ಮಾತು ಕೇಳುತ್ತಲೇ ಆಕೆಯ ಕೈ ನಿಂತಿತು. ತನ್ನ ಹೆಸರು ಬಂದಾಗಲೂ ಮುಖ ಬಿಗಿಯಾಗಿಯೇ ಇತ್ತು. ಅದರ ಹಿಂದೆಯೇ, ಓ ಯಾಕವ್ವಾ ಎಂದು ಮುದುಕಿ ಕೂಗಿದ್ದು ಇಡೀ ಸಾಲಿಗೆ ಕೇಳಿತು.

"ಲೇ ಖಾಜಾ! ನಿಂದ್ರಿಸು!" ಎಂದಳು. ಹನ್ನೆರಡು ವರ್ಷದ ಮೇಲೆ ನನ್ನ ಹೆಸರು ಕರೆದದ್ದು. "ಓ ಅಂದಾಕಿ ಯಾರು?"

"ಅವರತ್ತಿ, ಅಕ್ಕಾ."

"ಅಲ್ಲೇ ಕುಂತಿದ್ದಳೇನು?"

"ಎದುರಿಗೇ."

"ಎದುರಿಗಿದ್ದಾಗ ಅಂದಳಾ?"

"ಕಾಲು ಮುಟ್ಟಿ ಬಂದು ಅಂದಳು."

ಗೋಪಮ್ಮನಿಗೆ ನಗು ಬಂತು. ಮೊರ ಅಲುಗಿ ಅಕ್ಕಿ ಚೆಲ್ಲುವಷ್ಟು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಮೊರವನ್ನು ಬದಿಗಿಟ್ಟು, "ಮೊದಲಿಂದ ಹಾಕು," ಎಂದಳು.

ನಾನು ತಿರುವಿ ಹಾಕಿದೆ. ಮಾನಮ್ಮ ಕೆರೆಯ ಏರಿಯ ಮೇಲೆ ನಿಂತು ಕೂಗಿದಳು, ನಿಂತಳು. ಸಾಲು ಮುಗಿಯುವ ಮೊದಲೇ ಗೋಪಮ್ಮ ಅದರ ತುದಿ ಹಿಡಿದಿದ್ದಳು. ದನಿ ಒಡೆದಿತ್ತು, ಅಳತೆ ಮಾತ್ರ ಒಂದಿಷ್ಟೂ ತಪ್ಪಿರಲಿಲ್ಲ. ತಂಗಿ ಬಿಟ್ಟ ಜಾಗ ಅಕ್ಕನ ಸಾಲಿಗೆ ಸರಿಯಾಗಿ ಹೊಂದಿತು. ಮುನವ್ವರ್ ಬೀ ಬಾಗಿಲಿಗೆ ಬಂದು ಬೈಯುವುದನ್ನು ಮರೆತು ನಿಂತಳು.

ಪದ ಮುಗಿಯಿತು. ಗೋಪಮ್ಮ ಒಳಗೆ ಹೋಗಿ ಬೇರೆ ಸೀರೆಯುಟ್ಟು, ಚಪ್ಪಲಿ ಮೆಟ್ಟಿ ಹೊರಗೆ ಬಂದಳು.

"ಲೇ ಖಾಜಾ, ಜಾಲಹಳ್ಳಿ ಬಸ್ ಎಷ್ಟೊತ್ತಿಗದ?"