ಬಂದೆಕ್ಕ ಕೂತು ಉಂಡ ದಿನ

ಬಂದೆಕ್ಕ ಎಂಬ ಹೆಸರು ಅವಳಿಗೆ ಅಪ್ಪ ಅಮ್ಮ ಇಟ್ಟದ್ದಲ್ಲ. ಕಡಲಿಗೆ ಮುಖ ಮಾಡಿ ನಿಂತ ಆ ಪುಟ್ಟ ಹೋಟೆಲಿನಲ್ಲಿ ಯಾವ ಮೂಲೆಯಿಂದ ಯಾರು ಕೂಗಿದರೂ ಅವಳ ಉತ್ತರ ಒಂದೇ: "ಬಂದೆ!" ನೀರು ಕೇಳಿದವರಿಗೂ ಬಂದೆ, ಉಪ್ಪು ಕೇಳಿದವರಿಗೂ ಬಂದೆ, ಮೀನಿನಲ್ಲಿ ಬರೀ ಮುಳ್ಳೇ ಇದೆ ಎಂದು ಗೊಣಗಿದವರಿಗೂ ಬಂದೆ. ಕೂಗಿದವರು ಬಾಯಿ ಮುಚ್ಚುವಷ್ಟರಲ್ಲಿ ಅವಳು ನಿಜವಾಗಿಯೂ ಬಂದಿರುತ್ತಿದ್ದಳು. ಹಾಗಾಗಿ ದೋಣಿಯವರು, ಬಸ್ಸಿನವರು, ಶಾಲೆ ಮಕ್ಕಳು ಎಲ್ಲರ ಬಾಯಲ್ಲೂ ಅವಳು ಬಂದೆಕ್ಕ ಆಗಿಹೋದಳು.

ಹೋಟೆಲು ಮನೆಯದೇ. ಗಂಡ ಅಡುಗೆ ಮಾಡುತ್ತಿದ್ದ. ಅವಳು ಬಡಿಸುತ್ತಿದ್ದಳು. ಗಂಡನ ತಂಗಿ, ಅಂದರೆ ಅವಳ ನಾದಿನಿ, ಬಾಗಿಲಲ್ಲಿ ನಿಂತು ಬಂದವರಿಗೆ ಜಾಗ ಮಾಡಿಕೊಡುತ್ತಿದ್ದಳು. ನಾಲ್ಕು ಜನರ ಬೆಂಚಿನಲ್ಲಿ ಐದನೆಯವರನ್ನು ಕೂರಿಸುವ ಕಲೆ ಅವಳೊಬ್ಬಳಿಗೇ ಗೊತ್ತಿದ್ದದ್ದು. "ಸ್ವಲ್ಪ ಸರ್ಕೊಳ್ಳಿ ಸ್ವಾಮಿ, ಊಟಕ್ಕೆ ಬಂದಿದ್ದೀರೋ ಮಲಗೋಕೆ ಬಂದಿದ್ದೀರೋ?" ಎಂದು ಅವಳು ಕೇಳಿದರೆ ಎಂಥ ದಪ್ಪ ಮನುಷ್ಯನೂ ನಗುತ್ತಾ ಸರಿಯುತ್ತಿದ್ದ.

ಕಡಲ ಬದಿಯ ಹೋಟೆಲುಗಳಲ್ಲಿ ಗಾಳಿಯ ಗದ್ದಲಕ್ಕೆ ಅಡುಗೆಮನೆಯ ಮಾತು ಹೊರಗೆ ಕೇಳಿಸುವುದಿಲ್ಲ. ಅದಕ್ಕೆ ಅಡುಗೆಯವರು ಸೌಟಿನಿಂದ ಮುಚ್ಚಳ ಬಡಿಯುತ್ತಾರೆ. ಒಂದು ಠಣ್ ಅಂದರೆ ತಟ್ಟೆ ತಯಾರಿದೆ, ಬಾ. ಎರಡು ಠಣ್ ಅಂದರೆ ಬಿಸಿ ಆರುತ್ತಿದೆ, ಓಡಿ ಬಾ. ಮದುವೆಯಾದ ಹೊಸದರಲ್ಲಿ ಗಂಡ ಅವಳಿಗೆ ಕಲಿಸಿದ ಮೊದಲ ಮಾತೇ ಈ ಮುಚ್ಚಳದ ಮಾತು. ಅಂದಿನಿಂದ ಅವಳ ಕಾಲಿಗೂ ಆ ಮುಚ್ಚಳಕ್ಕೂ ನಡುವೆ ಕಾಣದ ದಾರವೊಂದು ಕಟ್ಟಿದಂತಿತ್ತು. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದರೂ ಎದ್ದು ನಿಲ್ಲುತ್ತಿದ್ದಳು.

ಇಷ್ಟೆಲ್ಲ ಓಡಾಡಿ ಅವಳು ಉಣ್ಣುತ್ತಿದ್ದದ್ದು ಎಲ್ಲರೂ ಉಂಡು ಹೋದ ಮೇಲೆ. ಅದೂ ಅಡುಗೆಮನೆಯ ಕಟ್ಟೆಗೆ ಒರಗಿ, ನಿಂತುಕೊಂಡೇ. ಮೀನು ಅಷ್ಟು ಹೊತ್ತಿಗೆ ಚಪ್ಪಲಿಯಂತಾಗಿರುತ್ತಿತ್ತು. ಅವಳಿಗೆ ಒಂದೇ ಒಂದು ಆಸೆಯಿತ್ತು. ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಕಡಲು ನೋಡುತ್ತಾ, ಹೊಗೆಯಾಡುವ ಮೀನನ್ನು ನಿಧಾನವಾಗಿ ತಿನ್ನಬೇಕು. ಅವಳು ಆ ಮಾತು ತೆಗೆದಾಗಲೆಲ್ಲ ನಾದಿನಿ ಕಿಸಕ್ಕನೆ ನಗುತ್ತಿದ್ದಳು.

"ಅತ್ತಿಗೆ, ನೀನು ಕೂರೋದಾ? ನಿನ್ನ ಕಾಲಿಗೆ ಚಕ್ರ ಕಟ್ಟಿದೆ. ಮೀನು ಬಾಯಿಗೆ ಹೋಗೋ ಮೊದಲು ನೀನು ಇನ್ಯಾರದೋ ಮೇಜಿನ ಹತ್ತಿರ ಇರ್ತೀಯ."

ಒಂದು ದಿನ ಒಲೆ ಬಿರುಕು ಬಿಟ್ಟಿತು. ಒಡೆದು ಹೊಸದಾಗಿ ಕಟ್ಟಬೇಕು, ನಾಳೆ ಬೆಂಕಿ ಹಚ್ಚುವ ಹಾಗೇ ಇಲ್ಲ ಎಂದು ಗಾರೆ ಕೆಲಸದವನು ಹೇಳಿಬಿಟ್ಟ. ಹೋಟೆಲಿಗೆ ರಜೆ! ಬಂದೆಕ್ಕನ ಕಣ್ಣು ಅರಳಿತು.

"ಹಾಗಾದ್ರೆ ನಾಳೆ ನಾವು ಹೊರಗೆ ಊಟ ಮಾಡೋಣ. ಪಕ್ಕದ ಊರಿನ ಬಂದರಿನ ಹತ್ತಿರ ಒಂದು ಹೋಟೆಲಿದೆಯಂತೆ."

"ಹೋಟೆಲಿನವರು ಹೋಟೆಲಿಗೆ ಹೋಗೋದಾ?" ಗಂಡ ತಲೆ ಕೆರೆದುಕೊಂಡ. "ಕ್ಷೌರದವನು ಇನ್ನೊಬ್ಬನ ಅಂಗಡೀಲಿ ಕೂತ ಹಾಗಾಯ್ತು."

"ಮತ್ತೆ? ಅವನ ತಲೆ ಅವನೇ ಬೋಳಿಸ್ಕೊಳ್ತಾನಾ?" ಅಂದಳು ಬಂದೆಕ್ಕ.

ನಾದಿನಿ ಬಿಡುತ್ತಾಳೆಯೇ? ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅತ್ತಿಗೆ, ಪಂದ್ಯ ಕಟ್ತೀಯಾ? ಕೂತಾಗಿನಿಂದ ಕೈ ತೊಳೆಯೋಕೆ ಏಳೋವರೆಗೂ ನಿನ್ನ ಕುಂಡೆ ಕುರ್ಚಿ ಬಿಡಬಾರದು. ಗೆದ್ದರೆ ವಾರಕ್ಕೊಂದು ದಿನ ಮಧ್ಯಾಹ್ನ ನಮ್ಮ ಕಿಟಕಿ ಮೇಜು ನಿಂದು. ನಾನೇ ನಿಂಗೆ ಬಡಿಸ್ತೀನಿ. ಸೋತರೆ ಇನ್ನು ಮೇಲೆ ಆ ಮೇಜಿನ ಸುದ್ದಿ ಎತ್ತಬಾರದು. ಸಾಯೋವರೆಗೂ!"

"ಆಗಲಿ," ಅಂದಳು ಬಂದೆಕ್ಕ.

ಬೆಳಿಗ್ಗೆಯೇ ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆ ಬಟ್ಟೆ ಹೊರಗೆ ಬಂತು. ಗಂಡ ಹೊಗೆ ವಾಸನೆಯಿಲ್ಲದ ಅಂಗಿ ಹುಡುಕಿ ಹುಡುಕಿ ಸೋತು, ಕೊನೆಗೆ ಕಡಿಮೆ ವಾಸನೆಯದನ್ನು ಹಾಕಿಕೊಂಡ. ಬಸ್ಸಿನಲ್ಲಿ ಬಂದೆಕ್ಕ ಕಿಟಕಿ ಪಕ್ಕ ಕೂತು ತೊಡೆಯ ಮೇಲೆ ಕೈಯಿಟ್ಟು, ಅಲುಗಾಡದೆ ಕೂರುವುದನ್ನು ಅಭ್ಯಾಸ ಮಾಡಿದಳು. ಒಂದು ಬದಿಗೆ ಕಡಲು ಫಳಫಳ ಹೊಳೆಯುತ್ತಾ ಬಸ್ಸಿನ ಜೊತೆಯೇ ಓಡುತ್ತಿತ್ತು. "ನೋಡು, ಬಸ್ಸಿನಲ್ಲಿ ಒಂದು ಸಲಾನೂ ಎದ್ದಿಲ್ಲ," ಎಂದಳು.

"ಬಸ್ಸಿನಲ್ಲಿ ನಿಂಗೆ ಯಾರು ನೀರು ಕೇಳ್ತಾರೆ?" ಎಂದಳು ನಾದಿನಿ.

ಹೋಟೆಲು ಅವರದಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ನೀಲಿ ಬಣ್ಣದ ಬಾಗಿಲು, ಉಪ್ಪುಗಾಳಿಗೆ ತುಕ್ಕು ಹಿಡಿದ ಕಿಟಕಿ ಸರಳು, ಮೇಜಿನ ಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಸು. ಒಳಗಿನಿಂದ ಮೀನು ಹುರಿಯುವ ಘಮ ಬಂದು ಮೂವರ ಮೂಗನ್ನೂ ಹಿಡಿದು ಎಳೆಯಿತು. ಕಿಟಕಿ ಪಕ್ಕದ ಮೇಜು ಖಾಲಿಯಿತ್ತು! ಬಂದೆಕ್ಕ ಹೋಗಿ ಕೂತಳು. ಕೂತ ತಕ್ಷಣ ಮೇಜು ಅಲುಗಾಡಿತು. ಅವಳು ಕುರ್ಚಿ ಬಿಡದೆ ಹಾಗೇ ಬಗ್ಗಿ, ಬಸ್ಸಿನ ಚೀಟಿ ಮಡಚಿ ಮೇಜಿನ ಕಾಲಿನಡಿ ತೂರಿಸಿದಳು.

"ಬಗ್ಗೋದಕ್ಕೆ ಲೆಕ್ಕ ಇಲ್ಲ," ಎಂದಳು ತಾನೇ ಮುಂದಾಗಿ.

"ಇರಲಿ ಇರಲಿ. ಈಗಿನ್ನೂ ಶುರು."

ಹೆಗಲ ಮೇಲೆ ಟವಲು ಹಾಕಿದ್ದ ಉದ್ದನೆಯ ಮನುಷ್ಯನೊಬ್ಬ ಬಂದು ನೀರಿನ ಜಗ್ಗು ಇಟ್ಟ. ಅಲ್ಲಿ ಬಡಿಸುವವನು ಅವನೊಬ್ಬನೇ. "ಏನು ಕೊಡ್ಲಿ?" ಎಂದ.

ದಿನಕ್ಕೆಷ್ಟೋ ಸಲ ತಾನು ಕೇಳುವ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಕೊಡುವ ಸರದಿ ಅವಳಿಗೆ ಎಂದೂ ಬಂದಿರಲಿಲ್ಲ. "ಏನೇನಿದೆ?" ಎಂದು ತೊದಲಿದಳು. ಅವನು ಒಂದೇ ಉಸಿರಿನಲ್ಲಿ, ಮಗ್ಗಿ ಒಪ್ಪಿಸಿದಂತೆ, ಎಲ್ಲವನ್ನೂ ಹೇಳಿದ. ಎಷ್ಟು ಚೆನ್ನಾಗಿ ಕೇಳುತ್ತದೆ ಈ ಕಡೆಯಿಂದ! ಇನ್ನೊಂದು ಸಲ ಹೇಳಿಸಬೇಕು ಅನ್ನಿಸಿತು ಅವಳಿಗೆ. ನಾಚಿಕೆಯಾಗಿ, "ಹುರಿದ ಮೀನು, ಅನ್ನ. ಬಿಸಿ ಇರಬೇಕು," ಎಂದಳು.

"ನಮ್ಮಲ್ಲಿ ತಣ್ಣಗಿರೋದು ನೀರು ಮಾತ್ರ," ಎಂದು ಅವನು ಹೊರಟ.

ಆಗ ಒಳಗಿನಿಂದ ಬಂತು. ಠಣ್!

ಬಂದೆಕ್ಕನ ಹಿಮ್ಮಡಿ ನೆಲ ಬಿಟ್ಟಿತು. ಮೊಣಕಾಲು ಬಿಗಿಯಿತು. ನಾದಿನಿ ತಲೆ ಓರೆ ಮಾಡಿ ಮೇಜಿನಡಿ ಇಣುಕಿದಳು. ಬಂದೆಕ್ಕ ಎರಡೂ ಕೈಯಿಂದ ಕುರ್ಚಿಯ ಅಂಚು ಹಿಡಿದುಕೊಂಡು, ದೋಣಿ ಮಗುಚುವಾಗ ಹಲಗೆ ಹಿಡಿದವಳಂತೆ ಕಣ್ಣು ಮುಚ್ಚಿದಳು. ಬಡಿಸುವವನು ಹೋಗಿ ಇನ್ಯಾರದೋ ಮೇಜಿಗೆ ತಟ್ಟೆ ತಂದ. ಅಬ್ಬ!

ಅಷ್ಟರಲ್ಲಿ ಆ ಬದಿಯ ಮೇಜಿನಿಂದ ಅಜ್ಜನೊಬ್ಬ ಕೂಗಿದ: "ನೀರು!"

"ಬಂದೆ!"

ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಂದೆಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು.

"ಸೋತೆ! ಸೋತೆ!" ನಾದಿನಿ ಮೇಜು ಕುಟ್ಟಿದಳು.

"ಎಲ್ಲಿ ಸೋತೆ? ಬಾಯಿ ಎದ್ದದ್ದು, ನಾನಲ್ಲ. ಕೇಳು ನಿಮ್ಮಣ್ಣನ್ನ."

ಗಂಡ ಇಬ್ಬರ ಮುಖವನ್ನೂ ನೋಡಿದ. ಒಂದು ಕಡೆ ಹೆಂಡತಿ, ಒಂದು ಕಡೆ ತಂಗಿ. "ನನ್ನನ್ನ ಯಾಕೆ ಇದರಲ್ಲಿ ಎಳೀತೀರಿ? ನಾನು ಎಣ್ಣೆ ಸದ್ದು ಕೇಳ್ತಾ ಇದ್ದೀನಿ," ಎಂದ. ನಿಜವಾಗಿಯೂ ಅವನ ಕಿವಿ ಅಡುಗೆಮನೆಯ ಕಡೆಗೇ ಇತ್ತು. "ಕಾಯೋ ಮೊದಲೇ ಮೀನು ಬಿಟ್ಟ ಅನ್ಸುತ್ತೆ... ಇಲ್ಲ ಇಲ್ಲ, ಸರಿಯಾಗಿದೆ." ಆಮೇಲೆ ಸೇರಿಸಿದ: "ಪಂದ್ಯ ಕುಂಡೆದು. ಬಾಯಿದಲ್ಲ."

ನಾದಿನಿ ಮುಖ ಊದಿಸಿಕೊಂಡಳು.

ಅವರ ಮೀನು ಬಂತು. ಮಾಮೂಲಿ ತಟ್ಟೆ, ಮಾಮೂಲಿ ಅನ್ನ, ಅಂಚಿನಲ್ಲಿ ಒಂದು ಹೋಳು ನಿಂಬೆ. ಆದರೆ ಮೀನಿನ ಚರ್ಮ ಇನ್ನೂ ಚಿಟಚಿಟ ಅನ್ನುತ್ತಿತ್ತು! ಹೊಗೆ ಸುರುಳಿಯಾಗಿ ಎದ್ದು ಅವಳ ಮುಖಕ್ಕೇ ಬಂತು. ಇಂಥ ಎಷ್ಟು ತಟ್ಟೆಗಳನ್ನು ಅವಳು ಹೊತ್ತಿಲ್ಲ! ಹೊಗೆ ಯಾವಾಗಲೂ ಅವಳಿಂದ ಆಚೆ, ಉಣ್ಣುವವರ ಕಡೆಗೇ ಹೋಗುತ್ತಿತ್ತು. ಬಂದೆಕ್ಕ ದೊಡ್ಡ ತುಂಡು ಮುರಿದು ಬಾಯಿಗೆ ಹಾಕಿಕೊಂಡಳು.

ಅವಳ ಕಣ್ಣುಗುಡ್ಡೆಗಳು ಹೊರಗೆ ಬಂದಂತಾದವು. ಬಿಸಿ ತುಪ್ಪ ಬಾಯಲ್ಲಿ ಇಟ್ಟುಕೊಂಡಂತೆ ಅನ್ನುವ ಗಾದೆಯಿದೆಯಲ್ಲ, ಹಾಗಾಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ. ತಣ್ಣಗಿನದನ್ನೇ ತಿಂದು ಪಳಗಿದ ನಾಲಿಗೆಗೆ ಊದಿ ತಿನ್ನಬೇಕೆಂಬುದೇ ಮರೆತುಹೋಗಿತ್ತು.

"ಹಾ... ಹಾ... ಹಾ..." ಬಾಯಿ ತೆರೆದು ಗಾಳಿ ಎಳೆದುಕೊಂಡಳು. ಕಣ್ಣಲ್ಲಿ ನೀರು ದಳದಳ ಇಳಿಯಿತು.

ನಾದಿನಿಗೆ ನಗು ತಡೆಯಲಾಗಲಿಲ್ಲ. "ಊರಿಗೆಲ್ಲ ಬಿಸಿ ಬಡಿಸ್ತಾಳೆ, ಊದೋಕೆ ಬರಲ್ಲ!"

ಬಂದೆಕ್ಕ ಜಗ್ಗು ಎತ್ತಿದಳು. ಖಾಲಿ. ಗಂಡ ಬಸ್ಸಿನಿಂದ ಇಳಿದ ಬಾಯಾರಿಕೆಗೆ ಎಲ್ಲ ಕುಡಿದು ಮುಗಿಸಿದ್ದ. ನೀರಿನ ಕೊಡ ಅಲ್ಲೇ ಗೋಡೆ ಪಕ್ಕ, ಎದ್ದರೆ ಕೈಗೆಟುಕುವಷ್ಟು ದೂರದಲ್ಲಿತ್ತು. ಗಂಡ ಏಳಲು ಹೋದ. ನಾದಿನಿ ಅವನ ತೋಳು ಹಿಡಿದು ಕೂರಿಸಿದಳು. "ಅಣ್ಣ, ನೀನು ಸಹಾಯ ಮಾಡೋ ಹಾಗಿಲ್ಲ. ಬೇಕಾದ್ರೆ ಅವಳೇ ಎದ್ದು ಕುಡೀಲಿ." ಅವಳ ಕಣ್ಣು ಕುರ್ಚಿಯ ಮೇಲೇ ನೆಟ್ಟಿತ್ತು.

ಏಳುವುದೋ ಬಿಡುವುದೋ? ಬಂದೆಕ್ಕ ಕೊಡ ನೋಡಿದಳು, ಕಿಟಕಿ ನೋಡಿದಳು. ಅಲ್ಲಿ ಕಡಲಿತ್ತು. ತಮ್ಮ ಹೋಟೆಲಿನ ಕಿಟಕಿ ಮೇಜು ನೆನಪಾಯಿತು. ಆಮೇಲೆ ಜೀವಮಾನದಲ್ಲಿ ಮಾಡದೇ ಇದ್ದ ಕೆಲಸ ಮಾಡಿದಳು. ಕತ್ತು ಎತ್ತಿ, ಬಾಯಲ್ಲಿ ಮೀನು ಇಟ್ಟುಕೊಂಡೇ ಕೂಗಿದಳು:

"ಅಣ್ಣಾ! ನೀರು!"

ಅಡುಗೆಮನೆಯ ಬಾಗಿಲಿಂದ ಉತ್ತರ ಬಂತು.

"ಬಂದೆ!"

ಬಂದೆಕ್ಕ ಹಾಗೇ ನಿಂತುಹೋದಳು, ಅಂದರೆ ಕೂತಲ್ಲೇ. ಉರಿ ಒಂದು ಕ್ಷಣ ಮರೆತೇಹೋಯಿತು. ತನ್ನ ಮಾತು ತನಗೇ ಬಂದಿತ್ತು! ಬೇರೆಯವರು ಕರೆದಾಗ ಇದು ಅವರಿಗೆ ಹೀಗೆ ಕೇಳಿಸುತ್ತದೆಯೇ? ಎಷ್ಟು ತಂಪಾಗಿದೆ ಈ ಮಾತು! ಉದ್ದನೆಯ ಮನುಷ್ಯ ನಿಜವಾಗಿಯೂ ಬಂದ, ಲೋಟ ತುಂಬಿದ, ಹೋದ. ಅವಳು ಗಟಗಟ ಕುಡಿದಳು. ಮುಖ ಒರೆಸಿಕೊಂಡಳು. ಮತ್ತೆ ಕೂಗಿದಳು:

"ಅಣ್ಣಾ, ಇನ್ನೊಂದು ಹೋಳು ನಿಂಬೆ!"

"ಬಂದೆ!"

"ತಟ್ಟೇಲಿ ನಿಂಬೆ ಇದೆಯಲ್ಲ ಅತ್ತಿಗೆ," ಎಂದಳು ನಾದಿನಿ.

"ಇರಲಿ ಬಿಡು."

ಅವಳು ಎರಡನೆಯ ತುಂಡಿಗೆ ಊದುತ್ತಿದ್ದಾಗ ಹೊರಗೆ ದೊಡ್ಡ ಬಸ್ಸೊಂದು ನಿಂತಿತು. ಗಂಡಸರು, ಹೆಂಗಸರು, ಅಳುವ ಮಕ್ಕಳು, ಚೀಲ, ಛತ್ರಿ ಎಲ್ಲ ಒಟ್ಟಿಗೆ ಬಾಗಿಲಲ್ಲಿ ನುಗ್ಗಿದವು. ಉದ್ದನೆಯ ಮನುಷ್ಯ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಗುಂಪಿನ ನಡುವೆ ಸಿಕ್ಕಿಬಿದ್ದ. ಅತ್ತ ಹೋಗಲಾರ, ಇತ್ತ ಬರಲಾರ. ಆಗಲೇ ಒಳಗಿನಿಂದ ಬಂತು. ಠಣ್, ಠಣ್!

ಓಡಿ ಬಾ, ಬಿಸಿ ಆರುತ್ತಿದೆ. ಬಂದೆಕ್ಕನ ಮೈಯೆಲ್ಲ ಆ ಸದ್ದಿಗೆ ಜುಮ್ಮೆಂದಿತು. ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆಗಳು ಸಾಲಾಗಿ ಹೊಗೆಯಾಡುವುದು ಅವಳಿಗೆ ಕೂತಲ್ಲಿಂದಲೇ ಕಾಣುತ್ತಿತ್ತು. ಎತ್ತಿಕೊಳ್ಳಲು ಒಂದು ನರಪಿಳ್ಳೆಯಿಲ್ಲ. ಠಣ್, ಠಣ್! ಅವಳ ಕೈ ಮೇಜಿನ ಮೇಲೆ ಊರಿತು. ಸೊಂಟ ಹಗುರಾಯಿತು. ಇನ್ನೇನು ಎದ್ದೇಬಿಟ್ಟಳು ಅನ್ನುವಷ್ಟರಲ್ಲಿ ತನ್ನ ತಟ್ಟೆಯ ಹೊಗೆ ಕಣ್ಣಿಗೆ ಬಿತ್ತು. ಬಿಸಿ ಆರುತ್ತಿರುವುದು ಅಲ್ಲಿ ಮಾತ್ರವಲ್ಲ, ಇಲ್ಲೂ! ಇದನ್ನೂ ಯಾರೋ ಓಡಿ ಬಂದು ತಂದಿಟ್ಟದ್ದೇ. ಬಿಟ್ಟು ಎದ್ದರೆ ಆ ಓಟವೇ ದಂಡ. ಅವಳು ಊರಿದ ಕೈ ತೆಗೆದು, ಮೀನಿನ ತುಂಡು ಮುರಿದು, ಫೂ ಫೂ ಎಂದು ಊದಿ ಬಾಯಿಗಿಟ್ಟಳು. ಗರಿಗರಿ ಚರ್ಮ, ಒಳಗೆ ಬೆಣ್ಣೆಯಂತೆ ಮೆತ್ತಗೆ. ಅಯ್ಯೋ ದೇವರೇ, ತಾವು ಇಷ್ಟು ದಿನ ಜನರಿಗೆ ಕೊಡುತ್ತಿದ್ದದ್ದು ಇದನ್ನೇ?

"ಎದ್ದಿಲ್ಲ ನೋಡು!" ಎಂದು ಹೆಮ್ಮೆಯಿಂದ ತಲೆ ಎತ್ತಿದಳು.

ಎದುರಿನ ಕುರ್ಚಿ ಖಾಲಿ!

ನಾದಿನಿ ಬಾಗಿಲಲ್ಲಿದ್ದಳು. ಒಂದು ಕಂಕುಳಲ್ಲಿ ಯಾರದೋ ಮಗು, ಇನ್ನೊಂದು ಕೈಯಲ್ಲಿ ಯಾರದೋ ಛತ್ರಿ. "ಸ್ವಲ್ಪ ಸರ್ಕೊಳ್ಳಿ ಸ್ವಾಮಿ! ಅಜ್ಜಿ, ನೀವು ಗೋಡೆ ಕಡೆ. ಚೀಲಕ್ಕೂ ಕುರ್ಚಿ ಬೇಕಾ? ಅದೂ ಊಟ ಮಾಡುತ್ತಾ?" ಗುಂಪು ಕರಗಿ ಬೆಂಚುಗಳಲ್ಲಿ ಸರಸರನೆ ಕೂತಿತು. ಪಕ್ಕದ ಕುರ್ಚಿಯೂ ಖಾಲಿ. ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ತಟ್ಟೆಗಳನ್ನು ಎತ್ತಿ ಎತ್ತಿ ಉದ್ದನೆಯ ಮನುಷ್ಯನ ಕೈಗೆ ದಾಟಿಸುತ್ತಾ, ಒಳಗಿನವರಿಗೆ ಉರಿ ಸಣ್ಣ ಮಾಡಲು ಹೇಳುತ್ತಿದ್ದ.

ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದವಳು ಒಬ್ಬಳೇ ಬಂದೆಕ್ಕ.

"ಏನಮ್ಮಾ," ಎಂದು ಅವಳು ಅಲ್ಲಿಂದಲೇ ಕೂಗಿದಳು, "ಊಟಕ್ಕೆ ಬಂದಿದ್ದೀಯೋ ಕೆಲಸಕ್ಕೆ ಬಂದಿದ್ದೀಯೋ?"

ನಾದಿನಿ ತಿರುಗಿದಳು. ಕಂಕುಳಲ್ಲಿದ್ದ ಮಗುವನ್ನು ನೋಡಿದಳು, ಕೈಯಲ್ಲಿದ್ದ ಛತ್ರಿಯನ್ನು ನೋಡಿದಳು. ನಾಲಿಗೆ ಕಚ್ಚಿಕೊಂಡಳು. ಹೋಟೆಲಿಗೆ ಹೋಟೆಲೇ ನಕ್ಕಿತು, ಯಾಕೆ ಅಂತ ಗೊತ್ತಿಲ್ಲದವರೂ ನಕ್ಕರು. ಬಂದೆಕ್ಕ ಮಾತ್ರ ಅವಸರ ಮಾಡಲಿಲ್ಲ. ಮುಳ್ಳು ಬಿಡಿಸಿ ಬಿಡಿಸಿ, ಕೊನೆಯ ಅಗುಳಿನವರೆಗೂ ಉಂಡು, ಆಮೇಲೆಯೇ ಕೈ ತೊಳೆಯಲು ಎದ್ದಳು. ಎದ್ದಾಗ ಕಾಲು ಜೋಮು ಹಿಡಿದಿತ್ತು. ಅದೂ ಅವಳಿಗೆ ಹೊಸದೇ.

ಹೊಸ ಒಲೆ ಒಣಗಿ, ಹೋಟೆಲು ಮತ್ತೆ ತೆರೆದ ಮೇಲೆ ಒಂದು ಮಧ್ಯಾಹ್ನ ಬಂದೆಕ್ಕ ತನ್ನದೇ ಹೋಟೆಲಿನ ಕಿಟಕಿ ಪಕ್ಕ ಬಂದು ಕೂತಳು. ದೋಣಿಯವರು ಉಣ್ಣುವುದು ನಿಲ್ಲಿಸಿ ನೋಡಿದರು. ಒಳಗಿನಿಂದ ಗಂಡ ಮುಚ್ಚಳ ಬಡಿದ. ಠಣ್! ಅವಳ ಹಿಮ್ಮಡಿ ಸ್ವಲ್ಪವೇ ಎದ್ದು, ಮತ್ತೆ ಕೂತಿತು.

"ಅಮ್ಮಾ ತಾಯಿ," ಎಂದು ಅವಳು ರಾಗವಾಗಿ ಕರೆದಳು, "ನನ್ನ ಮೀನು ಎಲ್ಲಿ?"

ನಾದಿನಿ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಲೋಟ ಹಿಡಿದು, ಬೆಂಚುಗಳ ನಡುವೆ ಎಡವುತ್ತಾ, ಹಲ್ಲು ಕಚ್ಚಿ ಅಂದಳು:

"ಬಂದೆ."

"ಕೇಳಿಸ್ಲಿಲ್ಲ!"

"ಬಂದೇ ಅತ್ತಿಗೆ, ಬಂದೆ! ಊದ್ಕೊಂಡು ತಿನ್ನು!"